ಅತ್ತೆಯ ಎಡಗೈ

ಇದು 2014ರ ಜೂನ್ ತಿಂಗಳ ಮಾತು. ನಮ್ಮ ಕಡೆ ಕಾರಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಣ್ಣ ಬಳಿಯುವ ಹೊತ್ತು. ನಾವು ಮಾತ್ರ ಇಂಗ್ಲೆಂಡಿನ ವಾರಿಂಗ್ಟನ್ ಊರಿನಲ್ಲಿದ್ದೆವು. ನನ್ನ ಗಂಡ ಮಹಾಂತೇಶ ಅಲ್ಲಿ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ನಾನು ಬರ್ಚ್‌ವುಡ್‌ನಲ್ಲಿ, ಅಣುಸ್ಥಾವರಗಳ ಸುರಕ್ಷತೆ ನೋಡುವ ಒಂದು ಕಚೇರಿಯಲ್ಲಿ ಎಂಜಿನಿಯರು. ಅದೇ ಬೇಸಿಗೆಯಲ್ಲಿ ಬಾಗಲಕೋಟೆಯಿಂದ ನಮ್ಮ ಅತ್ತೆ ಬಂದು ನಮ್ಮ ಜೊತೆಗಿದ್ದರು.

ನನಗೂ ಅತ್ತೆಗೂ ಜಗಳವಿರಲಿಲ್ಲ. ಸಲುಗೆಯೂ ಇರಲಿಲ್ಲ. ನಾನು ಬಾಯಿಬಡುಕಿ, ಮೂಗಿನ ತುದಿಯಲ್ಲೇ ಸಿಟ್ಟು. ಅವರು ಮಾತೇ ಆಡದವರು, ಎಲ್ಲವನ್ನೂ ಒಂದು ನೋಟದಲ್ಲಿ ಮುಗಿಸುವವರು. ಅವರದು ಕಟ್ಟುನಿಟ್ಟಿನ ಲಿಂಗಾಯತ ಆಚಾರ. ಚಿಕ್ಕ ಹುಡುಗಿಯಾಗಿದ್ದಾಗ ದೀಕ್ಷೆಯಲ್ಲಿ ಪಡೆದ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು, ದಾರ ಕಟ್ಟಿ ಕೊರಳಲ್ಲಿ ಧರಿಸಿದ್ದರು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತರೆ ಮನೆಯಲ್ಲಿ ಯಾರೂ ಅವರನ್ನು ಕರೆಯುವಂತಿಲ್ಲ. ಪೂಜೆ ಮುಗಿಯುವ ತನಕ ಒಂದು ಗುಟುಕು ನೀರೂ ಇಲ್ಲ. ನನಗೂ ಮದುವೆಗೆ ಮುಂಚೆ ದೀಕ್ಷೆ ಆಗಿತ್ತು. ನನ್ನ ಲಿಂಗ ಕಪಾಟಿನಲ್ಲಿ ಒಡವೆಗಳ ಡಬ್ಬಿಯ ಪಕ್ಕದಲ್ಲಿತ್ತು. ಅದು ಅತ್ತೆಗೆ ಗೊತ್ತಿತ್ತು. ಒಂದು ದಿನವೂ ಅದರ ಬಗ್ಗೆ ಏನೂ ಅಂದವರಲ್ಲ. ಅಂದಿದ್ದರೆ ನನಗೆ ವಾದ ಮಾಡಲು ಸುಲಭವಾಗುತ್ತಿತ್ತು.

ನಮ್ಮ ಕಚೇರಿಯಲ್ಲಿ ಡೆರೆಕ್ ಎಂಬ ಹಿರಿಯರಿದ್ದರು. ನಿವೃತ್ತಿಗೆ ಹತ್ತಿರ ಬಂದವರು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಬಳಿ ಒಂದು ಪುಟ್ಟ ಹಾಯಿದೋಣಿ. ಲಂಗರು ಹಾಕುವ ವಿಷಯ ಬಂದರೆ ಅವರ ಊಟದ ಬಿಡುವೆಲ್ಲ ಅದರಲ್ಲೇ ಕಳೆದುಹೋಗುತ್ತಿತ್ತು. ಹರೆಯದಲ್ಲಿ ಅವರು ಹಾಲೆಂಡಿನ ಉತ್ತರಕ್ಕಿರುವ ಫ್ರೀಸಿಯನ್ ದ್ವೀಪಗಳ ನಡುವೆ ದೋಣಿ ಓಡಿಸಿದವರಂತೆ. ಅಲ್ಲಿ ಉಬ್ಬರ ಇರುವಾಗ ಲಂಗರು ಹಾಕಿ ಕೂತರೆ, ಇಳಿತಕ್ಕೆ ಸಮುದ್ರ ದೋಣಿಯ ಕೆಳಗಿಂದ ಪೂರಾ ಸರಿದು ಹೋಗುತ್ತದೆ. ದೋಣಿ ಮರಳಿನ ಮೇಲೆ ಸುಮ್ಮನೆ ಕೂತಿರುತ್ತದೆ. ಜನ ಇಳಿದು ಓಡಾಡಿ, ಅಡಿಗೆ ಮಾಡಿ ಉಂಡು, ನೀರು ಮತ್ತೆ ಬಂದು ಎತ್ತಿದಾಗ ಹೊರಡುತ್ತಾರೆ. ಹಾಗೆ ಕೂರಲೆಂದೇ ಡೆರೆಕ್‌ರ ದೋಣಿಯ ಅಡಿಯಲ್ಲಿ ಎರಡು ಕಾಲುಗಳಿದ್ದವು. ನಮ್ಮ ಕಡೆಯ ಮೋರ್‌ಕಾಂಬ್ ಕೊಲ್ಲಿಯಲ್ಲೂ ಅಂಥದೇ ಒಂದು ಸಣ್ಣ ದ್ವೀಪವಿದೆ, ಒಮ್ಮೆ ಮನೆಮಂದಿಯೆಲ್ಲ ಬನ್ನಿ ಎಂದು ಬಹಳ ದಿನದಿಂದ ಕರೆಯುತ್ತಿದ್ದರು.

ಹುಣ್ಣಿಮೆಯ ಶುಕ್ರವಾರ ಹೊರಟು ಭಾನುವಾರ ವಾಪಸು ಎಂದು ಗೊತ್ತಾಯಿತು. ಎರಡು ದಿನ ಮುಂಚೆ ಆಸ್ಪತ್ರೆಯಲ್ಲಿ ಮಹಾಂತೇಶನ ಪಾಳಿ ಬದಲಾಗಿ, ಅವನಿಗೆ ಬರಲು ಆಗದಾಯಿತು. ಸರಿ, ಡೆರೆಕ್‌ಗೆ ಬರುವುದಿಲ್ಲ ಅಂತ ಹೇಳಿಬಿಡೋಣ ಎಂದು ನಾನು ಫೋನ್ ಕೈಗೆತ್ತಿಕೊಂಡೆ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಅತ್ತೆ ತಿರುಗಿ ಕೂಡ ನೋಡದೆ, “ಅಂವ ಬರಲಿಲ್ಲಂದ್ರ ನಾವು ಹೋಗಬಾರದೇನು?” ಅಂದರು.

“ನಿಮಗ ದೋಣಿಯಾಗ ಆಗತೈತೇನ್ರಿ ಅತ್ತಿ?” ಎಂದೆ.

“ನಾ ಇನ್ನೂ ಸಮುದ್ರದ ನೀರು ಮುಟ್ಟಿಲ್ಲವಾ. ಮುಟ್ಟಿ ನೋಡೂನು.”

ಹೀಗೆ ಶುಕ್ರವಾರ ಬೆಳಿಗ್ಗೆ ನಮ್ಮ ಅತ್ತೆ ಇಳಕಲ್ ಸೀರೆಯ ಮೇಲೆ ಮಗನ ಚಳಿಗಾಲದ ಜಾಕೆಟ್ಟು, ಅದರ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ತೊಟ್ಟು, ಕಡಕ್ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ದೋಣಿ ಹತ್ತಿದರು. ನಾನು ಅಂಚಿಗೆ ಬಾಗಿ ವಾಂತಿ ಮಾಡಿದೆ. ಅವರು ಮಾತ್ರ ಹಗ್ಗ ಹಿಡಿದುಕೊಂಡು ನೆಟ್ಟಗೆ ಕೂತಿದ್ದರು. ಡೆರೆಕ್ ನನ್ನನ್ನು ಬಿಟ್ಟು ಅವರಿಗೇ ಎಲ್ಲವನ್ನೂ ಕೈಸನ್ನೆಯಲ್ಲಿ ತೋರಿಸತೊಡಗಿದರು.

ಮಧ್ಯಾಹ್ನ ಉಬ್ಬರ ತುಂಬಿದಾಗ ದ್ವೀಪದ ಪಕ್ಕ ಲಂಗರು ಬಿಟ್ಟರು. ಸರಪಳಿ ಗರಗರ ಇಳಿಯಿತು. ಊಟ ಮಾಡಿ ಮಾತಾಡುತ್ತಾ ಕೂತಿದ್ದಾಗ ದೋಣಿ ಒಮ್ಮೆ ಕುಕ್ಕಿದಂತಾಗಿ ನಿಂತಿತು. ನೋಡಿದರೆ ಸುತ್ತ ಮರಳು. ಬೆಳಿಗ್ಗೆ ಇದ್ದ ಸಮುದ್ರ ಕಣ್ಣಿಗೆ ಕಾಣದಷ್ಟು ದೂರ ಹೋಗಿತ್ತು. ಅತ್ತೆ ಏಣಿ ಇಳಿದು ಹಸಿ ಮರಳಿನ ಮೇಲೆ ನಿಂತು, “ಯಾರು ಕರಕೊಂಡು ಹೋದ್ರವಾ ಇಷ್ಟು ನೀರ್ನಾ?” ಅಂದರು. ಅವರು ಅಷ್ಟು ಹಗುರಾಗಿ ನಕ್ಕಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಡೆರೆಕ್ ಒಂದೇ ಒಂದು ಕಟ್ಟಪ್ಪಣೆ ಮಾಡಿದರು. ಕೆಳಗಿಳಿದರೆ ಲಂಗರಿನ ಸರಪಳಿ ಎಷ್ಟು ದೂರ ಚಾಚಿದೆಯೋ ಅದರಾಚೆ ಹೋಗಬಾರದು. ಇಲ್ಲಿ ನೀರು ಎದುರಿನಿಂದ ಬರುವುದಿಲ್ಲ, ಬೆನ್ನ ಹಿಂದಿನಿಂದ ಬರುತ್ತದೆ ಎಂದರು. ನಾನು ಅದನ್ನು ಕನ್ನಡದಲ್ಲಿ ಅತ್ತೆಗೆ ಹೇಳಿದೆ. ಅವರು ತಲೆಯಾಡಿಸಿದರು. ಬೆನ್ನ ಹಿಂದಿನಿಂದ ಅಂದರೆ ಏನೆಂದು ಕೇಳುವ ಬುದ್ಧಿ ನನಗೂ ಬರಲಿಲ್ಲ.

ರಾತ್ರಿ ಬಂದಿದ್ದ ನೀರು ಮರುದಿನ ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಮತ್ತೆ ಇಳಿದಿತ್ತು. ಡೆರೆಕ್ ತಮ್ಮ ಕುಡಿಯುವ ನೀರಿನಲ್ಲೇ ಒಂದು ಕೆಟಲ್ ಕಾಯಿಸಿ ಅತ್ತೆಯ ಸ್ನಾನಕ್ಕೆ ಕೊಟ್ಟರು. ಕಷ್ಟ ಶುರುವಾದದ್ದು ಪೂಜೆಗೆ. ದೋಣಿಯ ಒಳಗಿರುವುದೇ ಒಂದು ಕೋಣೆ. ಅತ್ತೆ ಸುತ್ತ ನೋಡಿದರು.

“ಒಂದ ಡಬ್ಬಿಯಾಗ ಒಲಿ, ಹಾಸಿಗಿ, ಸಂಡಾಸು. ಇಲ್ಲಿ ಹ್ಯಾಂಗ ಕುಂದ್ರಲಿ?”

“ಕೆಳಗ ಮರಳ ಮ್ಯಾಲೆ ಕುಂದ್ರಿ, ದೋಣಿ ಬಾಜೂಕ,” ಎಂದೆ.

ಅವರು ಇಳಿದು ದೋಣಿಯನ್ನು ಒಂದು ಸುತ್ತು ಹಾಕಿ ಬಂದರು. ಸಂಡಾಸಿನ ಕೊಳವೆ ದೋಣಿಯ ಹೊಟ್ಟೆಯಿಂದ ಹೊರಗೆ ಬಿಟ್ಟಿರುವುದು ಅವರ ಕಣ್ಣಿಗೆ ಬಿದ್ದಿತ್ತು. ಅದರ ಬಳಿ ಲಿಂಗವನ್ನು ಹೊರಗೆ ತೆಗೆಯುವುದು ಸಾಧ್ಯವಿಲ್ಲದ ಮಾತು. ದೂರದಲ್ಲಿ, ಸಮುದ್ರದ ಕಡೆಗೆ, ಮರಳಿನ ಒಂದು ದಿಬ್ಬವಿತ್ತು. ಸುತ್ತಲಿನ ಮರಳೆಲ್ಲ ಹಸಿಯಾಗಿದ್ದರೂ ಅದು ಮಾತ್ರ ಒಣಗಿ ಬೆಳ್ಳಗಿತ್ತು. “ಅಲ್ಲಿ ಕುಂತು ಬರ್ತೀನಿ,” ಅಂದರು. ಸರಪಳಿಯಿಂದ ಎಷ್ಟೋ ಆಚೆ. ಆದರೂ ನಾನು ಹೂಂ ಅಂದೆ. ಎತ್ತರದ ಜಾಗ, ಒಣಗಿದ ಜಾಗ, ನೀರು ಬಂದರೂ ಅಲ್ಲಿಗೆ ಕೊನೆಗೆ ತಾನೇ ಬರಬೇಕು ಎಂದು ನನ್ನ ಎಂಜಿನಿಯರ್ ತಲೆ ಲೆಕ್ಕ ಹಾಕಿತು. ಅತ್ತೆ ಲೈಫ್ ಜಾಕೆಟ್ ತೆಗೆದು ನನ್ನ ಕೈಗೆ ಕೊಟ್ಟು, ವಿಭೂತಿ, ತಂಬಿಗೆ, ಊರಿಂದ ತಂದ ಒಣಗಿದ ಬಿಲ್ವಪತ್ರೆ ತೆಗೆದುಕೊಂಡು ಹೋದರು. ದಾರಿಯಲ್ಲಿ ಒಂದು ತಗ್ಗಿತ್ತು. ಸೀರೆಯನ್ನು ತುಸು ಎತ್ತಿ ಅದರ ಕೆಸರನ್ನು ದಾಟಿದರು. ನಾನು ಒಳಗೆ ಹೋಗಿ ಉಪ್ಪಿಟ್ಟಿಗೆ ರವೆ ಹುರಿಯತೊಡಗಿದೆ. ಡೆರೆಕ್ ದೋಣಿಯ ಇನ್ನೊಂದು ಮಗ್ಗುಲಲ್ಲಿ ಮಲಗಿ ತಳಕ್ಕೆ ಅಂಟಿದ ಚಿಪ್ಪುಗಳನ್ನು ಕೆರೆಯುತ್ತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಡೆರೆಕ್ ಏಣಿಯ ಬಳಿ ಬಂದು ನಿಮ್ಮ ಅತ್ತೆ ಎಲ್ಲಿ ಎಂದರು. ನಾನು ಚಮಚದಿಂದಲೇ ದಿಬ್ಬದ ಕಡೆ ತೋರಿಸಿದೆ. ಅವರ ಮುಖದ ಬಣ್ಣವೇ ಇಳಿದುಹೋಯಿತು. ಆಗಲೇ ನಾನೂ ನೋಡಿದ್ದು. ದಿಬ್ಬ ಒಣಗಿಯೇ ಇತ್ತು. ಆದರೆ ನಮಗೂ ದಿಬ್ಬಕ್ಕೂ ನಡುವಿನ ತಗ್ಗಿನಲ್ಲಿ ನೀರು ಓಡುತ್ತಿತ್ತು. ಸದ್ದಿಲ್ಲ, ಅಲೆ ಇಲ್ಲ. ಕಾಲುವೆಗೆ ನೀರು ಬಿಟ್ಟಾಗ ಹರಿಯುತ್ತದಲ್ಲ, ಹಾಗೆ. ಅತ್ತೆ ನಮಗೆ ಬೆನ್ನು ಮಾಡಿ, ಕಣ್ಣನ್ನು ಅಂಗೈಯಲ್ಲಿ ನೆಟ್ಟು ಕೂತಿದ್ದರು.

ಡೆರೆಕ್ ರಬ್ಬರ್ ದೋಣಿಯನ್ನು ಬಿಚ್ಚಲು ಓಡಿದರು. ನಿಲ್ಲು, ನಾನು ಬರುತ್ತೇನೆ ಎಂದು ನನಗೆ ಕೂಗಿದರು. ನಾನು ನಿಲ್ಲಲಿಲ್ಲ. ಒಲೆ ಆರಿಸಿದೆನೋ ಇಲ್ಲವೋ ನೆನಪಿಲ್ಲ. ತಗ್ಗಿಗೆ ಇಳಿದಾಗ ನೀರು ಮೊಣಕಾಲಿನ ಮೇಲಿತ್ತು. ಆ ಚಳಿಗೆ ಉಸಿರೇ ನಿಂತಂತಾಯಿತು. ನನಗೆ ಈಜು ಬರುವುದಿಲ್ಲ. ಧಾರವಾಡದಲ್ಲಿ ಬೆಳೆದವಳು, ಕೆರೆಯ ದಡದಲ್ಲಿ ಕಾಲು ಇಳಿಬಿಟ್ಟು ಕೂತದ್ದೇ ಹೆಚ್ಚು.

ದಿಬ್ಬ ಹತ್ತಿ, “ಅತ್ತೀ! ಏಳ್ರಿ!” ಎಂದು ಕೂಗಿದೆ. ಅವರು ತಿರುಗಲಿಲ್ಲ. ಬಲಗೈಯನ್ನು ಮಾತ್ರ ಸ್ವಲ್ಪ ಎತ್ತಿ, ತಡಿ ಎನ್ನುವಂತೆ ಸನ್ನೆ ಮಾಡಿದರು. ಮನೆಯಲ್ಲಿ ಕುಕ್ಕರ್ ಕೂಗಿದರೂ, ಫೋನ್ ಬಂದರೂ ಅದೇ ಸನ್ನೆ. ಮದುವೆಯಾದಾಗಿನಿಂದ ಆ ಸನ್ನೆಗೆ ಹೆದರಿ ಸುಮ್ಮನಾಗುತ್ತಿದ್ದವಳು ನಾನು. ಅವತ್ತು ಸ್ನಾನವಿಲ್ಲದ ಕೈಯಲ್ಲೇ ಅವರ ಭುಜ ಹಿಡಿದು ಅಲುಗಾಡಿಸಿದೆ. ಅವರು ಕಣ್ಣು ಕೆಂಪಗೆ ಮಾಡಿ ನನ್ನನ್ನು ನೋಡಿದರು. ಆಮೇಲೆ ನನ್ನ ಹಿಂದಿನ ನೀರನ್ನು ನೋಡಿದರು.

ತಕ್ಷಣ ಎದ್ದರು. ಲಿಂಗವನ್ನು ಕರಡಿಗೆಗೆ ಸೇರಿಸಲು ಹೋದರು. ಬೆರಳು ಒದ್ದೆಯಾಗಿ ವಿಭೂತಿ ಮೆತ್ತಿತ್ತು. ಮುಚ್ಚಳ ಕೂಡಲಿಲ್ಲ. “ಆಮ್ಯಾಲೆ ಇಡ್ರಿ, ಮೊದಲು ನಡೀರಿ!” ಎಂದು ಕಿರುಚಿದೆ. ಅವರು ಲಿಂಗವನ್ನು ಎಡ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನನ್ನ ಜೊತೆ ಇಳಿದರು.

ಅಷ್ಟರಲ್ಲಿ ತಗ್ಗಿನ ನೀರು ಸೊಂಟ ಮುಟ್ಟುತ್ತಿತ್ತು. ಡೆರೆಕ್ ಎದುರಿನಿಂದ ರಬ್ಬರ್ ದೋಣಿಯಲ್ಲಿ ಹುಟ್ಟು ಹಾಕುತ್ತಾ ಬರುತ್ತಿದ್ದರು. ನೀರಿನ ಸೆಳೆತ ಅವರನ್ನು ಪಕ್ಕಕ್ಕೆ ಒಯ್ಯುತ್ತಿತ್ತು. ನಾನು ಅತ್ತೆಯ ಬಲಗೈ ಹಿಡಿದಿದ್ದೆ. ಕಾಲ ಕೆಳಗಿನ ಮರಳು ಜಾರುತ್ತಿತ್ತು. ಡೆರೆಕ್ ಹಗ್ಗ ಎಸೆದರು. ಅತ್ತೆ ಅದನ್ನು ಹಿಡಿಯಲೆಂದು ನಾನು ಅವರ ಬಲಗೈಯನ್ನು ಬಿಟ್ಟೆ. ಅವರು ಹಗ್ಗ ಹಿಡಿದರು. ಎರಡೂ ಕೈಯಲ್ಲಿ ಹಿಡಿಯಿರಿ ಎಂದು ಡೆರೆಕ್ ಇಂಗ್ಲಿಷಿನಲ್ಲಿ ಕೂಗಿದರು, ನಾನೂ ಕನ್ನಡದಲ್ಲಿ ಕೂಗಿದೆ. ಅತ್ತೆಯ ಎಡ ಮುಷ್ಟಿ ಎದೆಗೆ ಒತ್ತಿಕೊಂಡೇ ಇತ್ತು. ಬಿಚ್ಚಲಿಲ್ಲ.

ಮರುಕ್ಷಣ ನನ್ನ ಕಾಲು ಹೋಯಿತು. ಎಲ್ಲಿ ನೆಲ, ಎಲ್ಲಿ ಆಕಾಶ ಗೊತ್ತಾಗಲಿಲ್ಲ. ಮೂಗು, ಬಾಯಿ, ಕಿವಿಯಲ್ಲೆಲ್ಲ ಉಪ್ಪುನೀರು. ಸಾಯುತ್ತೇನೆ ಅನ್ನಿಸಿತು. ಅನ್ನಿಸಿತು ಅಷ್ಟೇ, ಯಾರೂ ನೆನಪಾಗಲಿಲ್ಲ. ನೀರು ನನ್ನನ್ನು ಅತ್ತೆಯ ಪಕ್ಕದಿಂದ ಎಳೆದುಕೊಂಡು ಹೋಗುತ್ತಿತ್ತು. ಆಗ ಯಾರೋ ನನ್ನ ಜಡೆಯನ್ನು ಬುಡದಲ್ಲೇ ಹಿಡಿದು ಜಗ್ಗಿದರು. ತಲೆಯ ಚರ್ಮ ಕಿತ್ತು ಬರುವಷ್ಟು ನೋವಾಯಿತು. ಆ ನೋವಿನಲ್ಲೇ ತಲೆ ಮೇಲೆ ಬಂದು ಉಸಿರು ಸಿಕ್ಕಿತು.

ಡೆರೆಕ್ ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ಎಳೆದು ಹಾಕಿಕೊಂಡರು. ರಬ್ಬರ್ ದೋಣಿಯೊಳಗೆ ಬಿದ್ದ ಮೇಲೂ ಜಡೆಯ ಹಿಡಿತ ಸಡಿಲಾಗಲಿಲ್ಲ. ನನ್ನ ತಲೆ ಅತ್ತೆಯ ತೊಡೆಯ ಮೇಲೆ ವಾಲಿಕೊಂಡಿತ್ತು. ಡೆರೆಕ್ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಬಿಡಿಸಿದ ಅಂಗೈಯಲ್ಲಿ ನನ್ನ ಕೂದಲು ಸುತ್ತಿಕೊಂಡಿತ್ತು. ಅದು ಯಾವ ಕೈ ಎಂದು ನೋಡುವ ಸ್ಥಿತಿಯಲ್ಲಿ ನಾನು ಆಗ ಇರಲಿಲ್ಲ.

ದೋಣಿಯ ಒಳಗೆ ಬಂದು, ಒದ್ದೆ ಬಟ್ಟೆ ತೆಗೆದು, ಇದ್ದಬದ್ದ ಕಂಬಳಿಗಳನ್ನೆಲ್ಲ ಸುತ್ತಿಕೊಂಡು ನಡುಗುತ್ತಾ ಕೂತೆವು. ಡೆರೆಕ್ ಸಕ್ಕರೆ ಜಾಸ್ತಿ ಹಾಕಿ ಚಹಾ ಮಾಡಿದರು. ನಾನು ಗಟಗಟ ಕುಡಿದೆ. ಅತ್ತೆ ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

“ಕುಡೀರಿ ಅತ್ತಿ, ಚಳಿ ಬಿಡತೈತಿ.”

ಅವರು ಕೊರಳಿಗೆ ಕೈ ಹಾಕಿದರು. ಕರಡಿಗೆ ತೆರೆದೇ ಇತ್ತು. ಒಳಗೆ ಏನೂ ಇರಲಿಲ್ಲ.

ಆಗ ನನಗೆ ಎಲ್ಲ ಒಟ್ಟಿಗೆ ಹೊಳೆಯಿತು. ಬಲಗೈಯಲ್ಲಿ ಹಗ್ಗವಿತ್ತು. ನನ್ನ ಜಡೆ ಹಿಡಿದದ್ದು ಎಡಗೈ. ತಮ್ಮ ಜೀವ ಉಳಿಸಿಕೊಳ್ಳಲು ಬಿಚ್ಚದ ಮುಷ್ಟಿಯನ್ನು ಅವರು ನನ್ನನ್ನು ಹಿಡಿಯಲು ಬಿಚ್ಚಿದ್ದರು. ನಾನು ಕಂಬಳಿಯೊಳಗೆ ಮುಖ ಹುದುಗಿಸಿ ಅಳತೊಡಗಿದೆ. ಅವರು ನನ್ನ ತಲೆಯನ್ನು ಮುಟ್ಟಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಲಿಂಗ ಕಳೆದುಕೊಂಡವರು ಅನ್ನ ನೀರು ಬಿಟ್ಟು ಜೀವ ಕಳೆದುಕೊಂಡ ಕಥೆಗಳನ್ನು ನಮ್ಮ ಅಜ್ಜಿ ಹೇಳುತ್ತಿದ್ದಳು. ಸಣ್ಣವಳಿದ್ದಾಗ ಕೇಳಿ ನಗುತ್ತಿದ್ದೆ. ಈಗ ನನ್ನೆದುರು ಅಂಥವರೇ ಒಬ್ಬರು ಕೂತಿದ್ದರು. ಪೂಜೆ ಅರ್ಧಕ್ಕೆ ನಿಂತಿತ್ತು, ಪೂಜೆ ಆಗದೆ ಅವರು ಏನನ್ನೂ ಮುಟ್ಟುವವರಲ್ಲ, ಮತ್ತು ಪೂಜೆ ಮಾಡಲು ಲಿಂಗವೇ ಇಲ್ಲ. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ಮಧ್ಯಾಹ್ನದ ಹೊತ್ತಿಗೆ ಅವರ ಹಣೆಯಲ್ಲಿ ಬೆವರು ಕಾಣಿಸಿತು. ಮಹಾಂತೇಶನಿಗೆ ಫೋನ್ ಮಾಡಿದೆ. ಸಕ್ಕರೆ ಇಳಿಯುತ್ತಿರಬೇಕು, ಹೇಗಾದರೂ ಮಾಡಿ ಏನಾದರೂ ಬಾಯಿಗೆ ಹಾಕು ಎಂದ. ಫೋನನ್ನು ಅವರ ಕಿವಿಗಿಟ್ಟೆ. ಆ ಕಡೆಯಿಂದ “ಅವ್ವಾ, ನನ್ನ ಮಾತು ಕೇಳು” ಎಂದು ಅವನು ಗೋಗರೆಯುವುದು ನನಗೂ ಕೇಳಿಸುತ್ತಿತ್ತು. “ನೀ ನಿನ್ನ ಪೇಶಂಟ್ ನೋಡಪಾ,” ಎಂದು ಅತ್ತೆ ಫೋನ್ ವಾಪಸು ಕೊಟ್ಟರು.

ಉಬ್ಬರದ ನೀರಿನಲ್ಲಿ ದೋಣಿ ತೇಲುತ್ತಿತ್ತು. ಆಗಲೇ ಹೊರಟು ಅವರನ್ನು ಆಸ್ಪತ್ರೆಗೆ ಒಯ್ಯೋಣ ಎಂದರು ಡೆರೆಕ್. ನಾನು ಅವರಿಗೆ ಲಿಂಗದ ವಿಷಯ ಹೇಳಿದೆ. ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೋ ತಿಳಿಯದೆ, ಬಾಲ್ಯದಿಂದ ಮೈಮೇಲಿದ್ದದ್ದು, ಇವರಿಗೆ ಪ್ರಾಣಕ್ಕಿಂತ ಹೆಚ್ಚಿನದು, ನನ್ನನ್ನು ಹಿಡಿಯಲು ಬಿಟ್ಟುಬಿಟ್ಟರು ಎಂದೆ. ಡೆರೆಕ್ ನೀರಿನ ಕಡೆ ತಿರುಗಿ, ಎಷ್ಟು ದೊಡ್ಡದು, ತೂಕವಿತ್ತೇ, ಯಾವ ಬಣ್ಣ ಎಂದು ಕೇಳಿದರು. ಆಮೇಲೆ ನಾನು ಅತ್ತೆಯ ಬಳಿ ಹೋಗಿ, ಆಸ್ಪತ್ರೆಗೆ ಹೋಗೋಣವೇ, ಸಂಜೆ ನೀರಿಳಿದ ಮೇಲೆ ಹುಡುಕೋಣವೇ ಎಂದು ಕೇಳಿದೆ.

“ಹುಡುಕರಿ,” ಅಂದರು. ನೀರಿನಿಂದ ಮೇಲೆ ಬಂದಾಗಿನಿಂದ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು.

ಸಂಜೆ ಸಮುದ್ರ ಮತ್ತೆ ಸರಿದು ಹೋಯಿತು. ಅಲ್ಲಿ ಜೂನ್‌ನಲ್ಲಿ ಬಹಳ ಹೊತ್ತು ಬೆಳಕಿರುತ್ತದೆ. ತಗ್ಗಿನ ಮರಳು ಬೆಳಿಗ್ಗೆ ಇದ್ದಂತೆ ಇರಲಿಲ್ಲ, ಎಲ್ಲ ಹೊಸದಾಗಿ ಗೀರು ಗೀರಾಗಿತ್ತು. ಡೆರೆಕ್ ಹುಟ್ಟುಗೋಲುಗಳನ್ನು ನೆಟ್ಟು ಹಗ್ಗ ಕಟ್ಟಿ ಜಾಗ ಗುರುತು ಮಾಡಿದರು. ಅಡುಗೆಯ ಜಾಲರಿ ಹಿಡಿದು, ಮೊಣಕಾಲೂರಿ, ಬೊಗಸೆ ಬೊಗಸೆ ಮರಳನ್ನು ಸೋಸತೊಡಗಿದರು. ನಾನು ಬರಿಗೈಯಲ್ಲಿ ಕೆದಕಿದೆ. ಅತ್ತೆಯನ್ನು ಕಂಬಳಿ ಹೊದಿಸಿ ದೋಣಿಯ ಅಂಚಿನಲ್ಲಿ, ನಮಗೆ ಕಾಣುವ ಹಾಗೆ ಕೂರಿಸಿದ್ದೆವು.

ಇಷ್ಟಲಿಂಗ ನೋಡಲು ಕಪ್ಪಗೆ, ನುಣ್ಣಗೆ ಇರುತ್ತದೆ. ಆ ಮರಳಲ್ಲಿ ಕಪ್ಪಗಿರುವುದು ಎಷ್ಟೊಂದು! ಕಲ್ಲಿದ್ದಲ ಚೂರು, ಚಿಪ್ಪಿನ ತುಂಡು, ಹರಳು. ಪ್ರತಿ ಸಲವೂ ಎದೆ ಹಾರುತ್ತಿತ್ತು. ಡೆರೆಕ್‌ಗೆ ಯಾವುದು ಹೌದು, ಯಾವುದು ಅಲ್ಲ ಎಂದು ಗೊತ್ತಿಲ್ಲವಲ್ಲ, ಸಿಕ್ಕಿದ್ದನ್ನೆಲ್ಲ ತಮ್ಮ ಬಾಟಲಿಯ ಸಿಹಿನೀರಿನಲ್ಲಿ ತೊಳೆದು, ಎರಡೂ ಕೈ ಜೋಡಿಸಿ ಹಿಡಿದು ಅತ್ತೆಯ ಬಳಿ ಒಯ್ಯುತ್ತಿದ್ದರು. ಅತ್ತೆ ಬಾಗಿ ನೋಡಿ ತಲೆಯಲ್ಲಾಡಿಸುತ್ತಿದ್ದರು. ಡೆರೆಕ್ ಮತ್ತೆ ಹೋಗಿ ಮೊಣಕಾಲೂರುತ್ತಿದ್ದರು. ಎಷ್ಟು ಸಲ ಹೀಗಾಯಿತೋ. ಅವರ ಪ್ಯಾಂಟಿನ ಮೊಣಕಾಲು ಹರಿದಿತ್ತು, ಬೆರಳ ಸಂದಿಯಲ್ಲಿ ರಕ್ತ ಬರುತ್ತಿತ್ತು. ದೇವರನ್ನೇ ನಂಬದ ಮನುಷ್ಯ ಅವರು, ಕಚೇರಿಯಲ್ಲಿ ಎಷ್ಟೋ ಸಲ ಹಾಗೆಂದು ಹೇಳಿದ್ದರು.

ದೂರದಲ್ಲಿ ನೀರು ತಿರುಗಿದ್ದು ಡೆರೆಕ್‌ಗೆ ಗೊತ್ತಾಯಿತು. ಇನ್ನು ಸ್ವಲ್ಪವೇ ಹೊತ್ತು ಎಂದರು. ಕೊನೆಯ ಬಾರಿ ಒಂದು ಕಪ್ಪು ಹರಳನ್ನು ಒಯ್ದು ಹಿಡಿದರು. ಅತ್ತೆ ಅದನ್ನು ನೋಡಲಿಲ್ಲ, ಡೆರೆಕ್‌ರ ಕೈಗಳನ್ನು ನೋಡಿದರು. ಆ ಕೈಗಳ ಮೇಲೆ ತಮ್ಮ ಕೈಯಿಟ್ಟು, “ಸಾಕು ಬಿಡಪಾ,” ಅಂದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಾಗಲಿಲ್ಲ. ಡೆರೆಕ್ ಅಲ್ಲೇ ಏಣಿಯ ಬುಡದಲ್ಲಿ ಕುಸಿದು ಕೂತು ಮುಖ ಒರೆಸಿಕೊಂಡರು.

ನನಗೆ ದಿಕ್ಕೇ ತೋಚಲಿಲ್ಲ. ಅತ್ತೆಯ ಕಾಲು ಹಿಡಿದೆ. “ಅತ್ತಿ, ನನ್ನ ಸಲುವಾಗಿ ಹಿಂಗ ಆತು. ನೀವು ಊಟ ಬಿಟ್ರ ನಾ ಹ್ಯಾಂಗ ಬದುಕಲ್ರಿ? ಅದನ್ಯಾಕ ಬಿಟ್ರಿ ನೀವು?”

ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ, ಬಹಳ ದಣಿದಿದ್ದರು.

“ಮತ್ತ ಯಾವ ಕೈಲೆ ಹಿಡೀಬೇಕಿತ್ತು? ಇರೂವು ಎರಡ ಕೈ,” ಅಂದರು.

ಆಮೇಲೆ ನೀರು ಕೇಳಿದರು. ಕುಡಿಯಲಲ್ಲ, ಕೈಕಾಲು ತೊಳೆಯಲು. ಕಂಬಳಿ ಸರಿಸಿ, ಸೀರೆಯ ಸೆರಗು ಸರಿಮಾಡಿಕೊಂಡು, ದೋಣಿಯ ಮೇಲೆಯೇ, ಸಂಡಾಸಿನ ಕೊಳವೆಯಿಂದ ನಾಲ್ಕು ಮೊಳ ದೂರದಲ್ಲೇ, ನೆಟ್ಟಗೆ ಕೂತರು. ನನ್ನ ಚೀಲದಲ್ಲಿ ತಾವೇ ಇಟ್ಟಿದ್ದ ಇನ್ನೊಂದು ವಿಭೂತಿ ಉಂಡೆ ತರಿಸಿ ಹಣೆಗಿಟ್ಟುಕೊಂಡರು. ಎಡ ಅಂಗೈಯನ್ನು ದಿನದಂತೆ ಎದೆಯ ಮಟ್ಟಕ್ಕೆ ಎತ್ತಿ ಹಿಡಿದರು. ಬರಿ ಅಂಗೈ. ಅದರಲ್ಲೇ ಕಣ್ಣು ನೆಟ್ಟು, ದಿನಾ ಕೂರುವಷ್ಟೇ ಹೊತ್ತು ಕೂತರು. ಕೈ ಕೆಳಗಿಳಿಯಲಿಲ್ಲ. ನೀರು ಬಂದು ದೋಣಿಯ ಕಾಲುಗಳನ್ನು ಮುಟ್ಟಿತು. ಡೆರೆಕ್ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ಉಸಿರಿನ ಸದ್ದೂ ಆಗದಂತೆ ನಿಂತಿದ್ದರು. ನಾನು ಅಲ್ಲಿಯವರೆಗೆ ಎಷ್ಟೋ ಪೂಜೆ ನೋಡಿದ್ದೆ, ಮನಸ್ಸಿಟ್ಟು ನೋಡಿದ್ದು ಅದೊಂದೇ.

ಅಂಗೈಯನ್ನು ಕಣ್ಣಿಗೊತ್ತಿಕೊಂಡು ಅವರು ಎದ್ದರು. “ಶೈಲಾ, ಚಹಾ ಮಾಡವಾ. ರೊಟ್ಟಿನೂ ಕೊಡು. ಅವಗೂ ಕೊಡು, ಮುಂಜಾನಿಂದ ಏನೂ ತಿಂದಿಲ್ಲ ಅಂವ,” ಅಂದರು. ನಾನು ಒಲೆಯ ಮುಂದೆ ನಿಂತು ಅಳುತ್ತಾ ಚಹಾ ಮಾಡಿದೆ. ಬೆಳಗಿನ ಉಪ್ಪಿಟ್ಟಿನ ರವೆ ಬಾಣಲೆಯಲ್ಲಿ ಕರಕಲಾಗಿತ್ತು.

ಭಾನುವಾರ ವಾಪಸಾದೆವು. ಊರಿಗೆ ಮರಳುವವರೆಗೆ ಅತ್ತೆ ದಿನವೂ ಬರಿ ಅಂಗೈಗೇ ಪೂಜೆ ಮಾಡಿದರು. ಊರಿಗೆ ಹೋದ ಮೇಲೆ ಮಠದ ಅಯ್ಯನವರಿಂದ ಮತ್ತೆ ಲಿಂಗ ಕಟ್ಟಿಸಿಕೊಂಡರು. ಡೆರೆಕ್ ಆಮೇಲೆ ಬಹಳ ದಿನ ಪ್ರತಿ ಸೋಮವಾರ ನನ್ನ ಮೇಜಿನ ಬಳಿ ಬಂದು, ನಿಮ್ಮ ಅತ್ತೆ ಊಟ ಮಾಡುತ್ತಿದ್ದಾರೆಯೇ ಎಂದು ಕೇಳುತ್ತಿದ್ದರು.

ಆ ವರ್ಷದ ಕೊನೆಗೆ ನಾವೂ ಬಾಗಲಕೋಟೆಗೆ ಹೋದೆವು. ಮನೆಯಲ್ಲಿ ಒಂದು ಸಮಾರಂಭ. ಬಂಧುಗಳೆಲ್ಲ ಊಟಕ್ಕೆ ಕೂತಿದ್ದರು, ನಾನು ಹೋಳಿಗೆ ಬಡಿಸುತ್ತಿದ್ದೆ. ನಮ್ಮ ಮಾವನವರ ಅಕ್ಕ ಬಹಳ ಜೋರಿನ ಹೆಂಗಸು, ಅವರೆದುರು ಯಾರೂ ಬಾಯಿ ತೆರೆಯುವುದಿಲ್ಲ. ಎಲ್ಲರಿಗೂ ಕೇಳುವಂತೆ ಅವರು ಹೇಳಿದರು, “ಅಷ್ಟು ವರ್ಷ ಎದಿ ಮ್ಯಾಲೆ ಇಟ್ಕೊಂಡ ಲಿಂಗಾ ನೋಡ್ರಿ, ವಿಲಾಯತಿ ಸಮುದ್ರದಾಗ ಚೆಲ್ಲಿ ಬಂದಾಳ ಈಕಿ. ದೋಣಿಯಾಗ ಕುಂತು ಮೋಜು ಮಾಡಾಕ ಹೋಗಿದ್ಲಂತ.”

ಪಂಕ್ತಿಯೆಲ್ಲ ಅತ್ತೆಯ ಕಡೆ ತಿರುಗಿತು. ಅತ್ತೆ ತಲೆ ತಗ್ಗಿಸಿ, “ಹೌದ್ರೀ ಅಕ್ಕಾರ, ಕೈಯಾಗಿಂದ ಜಾರಿ ಹೋತು. ನಂದ ತಪ್ಪು,” ಅಂದರು.

ನನ್ನ ಮೈಯೆಲ್ಲ ಉರ್ರೆಂದಿತು. ಹೋಳಿಗೆಯ ಬುಟ್ಟಿ ಹಿಡಿದವಳೇ ಬಾಯಿ ತೆರೆದೆ. ಅತ್ತೆ ಕತ್ತೆತ್ತಿ ನನ್ನನ್ನು ನೋಡಿ, “ಶೈಲಾ, ಅಕ್ಕಾರಿಗೆ ಇನ್ನೊಂದು ಹೋಳಿಗಿ ನೀಡು,” ಅಂದರು. ಆ ನೋಟಕ್ಕೆ ಎದುರಾಡಲು ನನಗೆ ಆಗಲಿಲ್ಲ. ನೀಡಿದೆ, ತುಪ್ಪವನ್ನೂ ಹಾಕಿದೆ.

ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ಕೇಳಿಯೇಬಿಟ್ಟೆ. “ಯಾಕ್ರಿ ಹಂಗ ಸುಳ್ಳು ಹೇಳಿದ್ರಿ?”

ಅವರು ಪಾತ್ರೆ ಎತ್ತಿಡುತ್ತಲೇ ಇದ್ದರು. “ಖರೇ ಹೇಳಿದ್ರ ಸಾಯೂತನಕ ನಿನಗ ಅಂತಿದ್ರು. ನಿನ್ನ ಸಲುವಾಗಿ ನಿಮ್ಮತ್ತಿ ಲಿಂಗಾ ಬಿಟ್ಲು ಅಂತ. ಕುಂತರ ಅಂತಿದ್ರು, ನಿಂತರ ಅಂತಿದ್ರು. ನನಗ ಒಂದ ದಿವಸ ಬೈದ್ರು, ಮುಗೀತು.”

ಇದೆಲ್ಲ ಆಗಿ ವರ್ಷಗಳೇ ಆದವು. ಮಾವನವರ ಅಕ್ಕ ಈಗಿಲ್ಲ. ಅತ್ತೆ ಬಾಗಲಕೋಟೆಯಲ್ಲಿ ಮೈದುನನ ಮಕ್ಕಳ ಗದ್ದಲದ ನಡುವೆ ಗಟ್ಟಿಯಾಗಿದ್ದಾರೆ. ಇದನ್ನು ಬರೆಯುತ್ತೇನೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದಾಗ, “ನಿನಗ್ಯಾಕ ಬೇಕವಾ ಅದೆಲ್ಲಾ?” ಅಂದರು. ಬೇಡ ಅನ್ನಲಿಲ್ಲ.

ನೀರಿನಲ್ಲಿ ಮುಳುಗಿದ ಹೆದರಿಕೆ ನನಗೆ ಎಂದೋ ಹೋಗಿದೆ. ಹೋಗದೆ ಉಳಿದಿರುವುದು ಆ ಊಟದ ಪಂಕ್ತಿ. ಅಷ್ಟು ಜನರ ಮುಂದೆ ಅವರು ತಲೆ ತಗ್ಗಿಸಿ ಕೂತಿದ್ದಾಗ ನಾನು ಸುಮ್ಮನೆ ಹೋಳಿಗೆ ಬಡಿಸಿದೆ. ಅವತ್ತು ಹೇಳಬೇಕಾಗಿದ್ದ ಮಾತನ್ನು ಇವತ್ತಾದರೂ ಹೇಳುತ್ತೇನೆ. ನಮ್ಮ ಅತ್ತೆಯ ಕೈಯಿಂದ ಲಿಂಗ ಜಾರಲಿಲ್ಲ. ನನ್ನನ್ನು ಹಿಡಿಯಲು ಅವರೇ ಬಿಟ್ಟರು.